ಅಳತೆಯ ಹಗ್ಗ ನಿಂತಲ್ಲಿ

ಪಕ್ಕದ ಮನೆಯ ಮುದುಕಿ ನನ್ನನ್ನು ಮೊದಲು ಮಾತಾಡಿಸಿದ್ದು ನಾನು ಕಾರಿನ ಡಿಕ್ಕಿಯಿಂದ ಟ್ರೈಪಾಡ್ ಇಳಿಸುತ್ತಿದ್ದಾಗ. ಸ್ಕೋಫೀಲ್ಡ್ಸ್‌ನಲ್ಲಿ ನಾವು ಮನೆ ಮಾಡಿ ಎರಡು ವರ್ಷವಾಗಿತ್ತು; ಅದು ಸಿಡ್ನಿಯ ಅಂಚಿನ ಹೊಸ ಬಡಾವಣೆ. ಆ ಮನೆಯ ಮಗಳು-ಅಳಿಯ ಕಸದ ಡಬ್ಬಿ ಹೊರಗಿಡುವಾಗ ಕೈಯೆತ್ತುವಷ್ಟು ಪರಿಚಯ. ಮಗಳ ತಾಯಿ ದಕ್ಷಿಣ ಅಮೆರಿಕದಿಂದ ಬಂದಿದ್ದಾರೆ ಎಂಬುದಷ್ಟೇ ಗೊತ್ತಿತ್ತು. ಬೆಳಿಗ್ಗೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ಸಣ್ಣ ಸೋರೆಬುರುಡೆಯೊಳಗಿನ ಏನನ್ನೋ ಲೋಹದ ಕೊಳವೆಯಿಂದ ಹೀರುತ್ತ ಕೂತಿರುತ್ತಿದ್ದರು.

"ನೀನು ನೆಲ ಅಳೆಯುವ ಕೆಲಸದವಳಾ?" ಎಂದು ಹುಲ್ಲಿನ ಆಚೆಯಿಂದ ಕೇಳಿದರು. ಇಂಗ್ಲಿಷು ನಿಧಾನ, ಆದರೆ ಒಂದೊಂದು ಪದವೂ ಸ್ಪಷ್ಟ.

"ಹೌದು. ಸರ್ವೇಯರ್."

"ಎರಡು ದಿನದಿಂದ ನೋಡುತ್ತಿದ್ದೇನೆ. ಮೊದಲು ಫೋಟೋ ತೆಗೆಯುವವಳು ಅಂದುಕೊಂಡಿದ್ದೆ. ಬಣ್ಣ ಬಳಿದ ಗೂಟಗಳನ್ನು ನೋಡಿದ ಮೇಲೆ ಖಾತ್ರಿಯಾಯಿತು. ನನ್ನ ಹತ್ತಿರ ಹಳೆಯ ಕಾಲದ ಅಳತೆ ಪುಸ್ತಕದ ಕೆಲವು ಹಾಳೆ ಇವೆ. ಓದಬಲ್ಲೆಯಾ?"

"ನಿಮ್ಮ ಭಾಷೆ ನನಗೆ ಬರುವುದಿಲ್ಲ. ಅಂಕಿ ಮಾತ್ರ ಬರುತ್ತವೆ."

"ಅಷ್ಟು ಸಾಕು. ಭಾಷೆ ನನಗೆ ಬರುತ್ತದೆ" ಅಂದರು.

ಮರುದಿನ ಶನಿವಾರ. ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಒಂದು ಪ್ಲಾಸ್ಟಿಕ್ ಫೋಲ್ಡರ್ ಎದೆಗವಚಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಅದೇ ಸೋರೆಬುರುಡೆ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು. ಆ ಕಷಾಯದ ಹೆಸರು 'ಮಾತೆ' ಎಂದು ಹೇಳಿದಾಗ ನನ್ನ ಗಂಡ ನಕ್ಕರು. ನಮ್ಮ ಭಾಷೆಯಲ್ಲಿ ಹಾಗೆಂದರೆ ತಾಯಿ ಎಂದು ವಿವರಿಸಬೇಕಾಯಿತು. "ಸರಿಯಾಗಿಯೇ ಇದೆ. ಬೆಳಿಗ್ಗೆ ಎದ್ದ ಕೂಡಲೇ ನಮಗೆ ಇದೇ ಬೇಕು" ಅಂದರು ಆಕೆ, ನಗದೆ.

ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ನಮ್ಮ ಬೆಳಗಾವಿ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಅದನ್ನು ಹೇಳಿದೆ. ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, "ಅಕ್ಕೋರು. ನನಗೆ ಹಿಡಿಸಿತು" ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರಿಗೆ ಅದೇ ಹೆಸರು. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ನನ್ನ ಹನ್ನೊಂದು ವರ್ಷದ ಮಗಳೂ ಅವರನ್ನು ಹಾಗೆಯೇ ಕರೆಯುತ್ತಾಳೆ.

ಅಕ್ಕೋರ ಊರು ಬ್ರೆಜಿಲ್ ದೇಶದ ದಕ್ಷಿಣದ ತುದಿಯಲ್ಲಿ, ಉರುಗ್ವೆ ಎಂಬ ದೊಡ್ಡ ನದಿಯ ದಂಡೆಯಲ್ಲಿದೆ. ಆಚೆ ದಂಡೆ ಅರ್ಜೆಂಟೀನಾ. ಈಚೆಯವರು ಪೋರ್ಚುಗೀಸ್ ಮಾತಾಡುತ್ತಾರೆ, ಆಚೆಯವರು ಸ್ಪ್ಯಾನಿಶ್. ದೋಣಿಯಲ್ಲಿ ಓಡಾಡುವವರು ಎರಡನ್ನೂ ಕಲಸಿ ಆಡುತ್ತಾರೆ. ಕೇಳುತ್ತ ಕೇಳುತ್ತ ನನಗೆ ಬೆಳಗಾವಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗಾಯಿತು. ಒಂದು ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮುಗಿಯುವುದನ್ನು ಕೇಳುತ್ತಲೇ ಬೆಳೆದವಳು ನಾನು.

ಆ ಊರಿಗೊಂದು ಹುಟ್ಟಿನ ಕಥೆಯಿತ್ತು. ಸ್ಪೇನ್ ಮತ್ತು ಪೋರ್ಚುಗಲ್ ರಾಜರು ದಕ್ಷಿಣ ಅಮೆರಿಕವನ್ನು ಹಂಚಿಕೊಂಡ ಕಾಲ. ಇಬ್ಬರ ಅಧಿಕಾರಿಗಳೂ ಕೂಡಿ ಗಡಿ ಗುರುತಿಸಲು ಹೊರಟರು. ಖಾಲಿ ಬಿದ್ದ ಹುಲ್ಲುಗಾವಲನ್ನು ಅಳೆಯುತ್ತ ನದಿಯವರೆಗೆ ಬಂದು, ಒಂದು ಕಡೆ ಒಬ್ಬ ರಾಜನ, ಇನ್ನೊಂದು ಕಡೆ ಇನ್ನೊಬ್ಬ ರಾಜನ ಲಾಂಛನ ಕೆತ್ತಿದ ಬಿಳಿಯ ಕಲ್ಲನ್ನು ನೆಟ್ಟರು. ಆ ಕಲ್ಲಿನ ಸುತ್ತ ಊರು ಬೆಳೆಯಿತು. ಊರಿನ ಮುದ್ರೆಯಲ್ಲಿ ಇಂದಿಗೂ ಆ ಕಲ್ಲಿನ ಚಿತ್ರವಿದೆ. ಅಕ್ಕೋರು ಪ್ರತಿ ವರ್ಷ ಮೂರನೆಯ ತರಗತಿಗೆ ಈ ಪಾಠ ಮಾಡುತ್ತಿದ್ದರು. ಮಕ್ಕಳು ರಟ್ಟಿನಲ್ಲಿ ಕಲ್ಲು ಮಾಡಿ ತರುತ್ತಿದ್ದರು.

"ಆ ಕಲ್ಲು ಈಗ ಎಲ್ಲಿದೆ?" ಎಂದು ಕೇಳಿದೆ.

"ಒಡೆದುಹೋಯಿತು. ಒಂದು ತುಂಡು ನಮ್ಮ ಮನೆಯ ಬಾಗಿಲ ಮುಂದಿನ ಮೆಟ್ಟಿಲಾಗಿದೆ ಎಂದು ನನ್ನ ಅಜ್ಜ ಹೇಳುತ್ತಿದ್ದ. ಅದರ ಮೇಲೆ ಅರ್ಧ ಕಿರೀಟವಿದೆ."

ಅವರು ಕಲಿಸಿದ ಶಾಲೆಯಲ್ಲಿ ಹಳೆಯ ವಸ್ತುಗಳನ್ನು ಇಡುವ ಒಂದು ಕೋಣೆಯಿದೆ. ಅಲ್ಲಿಗೆ ಒಂದು ನಕ್ಷೆ ಮಾಡಿಕೊಡುತ್ತೇನೆ ಎಂದು ಅಕ್ಕೋರು ಮಾತು ಕೊಟ್ಟಿದ್ದರು. ಗಡಿ ಅಳೆದವರು ಯಾವ ದಾರಿಯಲ್ಲಿ ಬಂದರು, ಎಲ್ಲೆಲ್ಲಿ ಇಳಿದುಕೊಂಡರು, ಕಲ್ಲನ್ನು ಎಲ್ಲಿ ನೆಟ್ಟರು ಎಂಬುದು ಅದರಲ್ಲಿರಬೇಕು. ಶಿಕ್ಷಕರ ಪ್ರವಾಸದಲ್ಲಿ ದೊಡ್ಡ ಊರಿನ ದಾಖಲೆ ಕಚೇರಿಗೆ ಹೋದಾಗ ಆ ಅಳತೆ ಪುಸ್ತಕದ ಹನ್ನೊಂದು ಹಾಳೆ ಜೆರಾಕ್ಸ್ ಮಾಡಿಸಿಕೊಂಡಿದ್ದರಂತೆ. ಅಕ್ಷರ ಕಷ್ಟವೆಂದು ಪೆಟ್ಟಿಗೆಯಲ್ಲಿಟ್ಟದ್ದು ಇಪ್ಪತ್ತು ವರ್ಷ ಅಲ್ಲೇ ಉಳಿದಿತ್ತು. ಮಗಳ ಮನೆಗೆ ಬರುವಾಗ, ಇನ್ನಾದರೂ ಓದೋಣವೆಂದು ಭೂತಗನ್ನಡಿಯ ಜೊತೆ ತಂದಿದ್ದರು.

ಹೀಗೆ ಶುರುವಾಯಿತು ನಮ್ಮ ಕೆಲಸ. ಶನಿವಾರಕ್ಕೊಂದು ಹಾಳೆ. ನಮ್ಮ ಅಡಿಗೆಮನೆಯ ಮೇಜಿನ ಒಂದು ಬದಿಗೆ ಅಕ್ಕೋರು, ಇನ್ನೊಂದು ಬದಿಗೆ ಲ್ಯಾಪ್‌ಟಾಪಿನ ಜೊತೆ ನಾನು. ಅವರು ಕನ್ನಡಿ ಹಿಡಿದು ಓದುವರು: ಇಂಥ ಹಳ್ಳ ಕೂಡುವಲ್ಲಿಂದ ವಾಯವ್ಯಕ್ಕೆ ಇಷ್ಟು ಡಿಗ್ರಿ, ಇಷ್ಟು ವಾರಾ, ಎಡಕ್ಕೆ ಚಪ್ಪಟೆ ತಲೆಯ ಗುಡ್ಡ. ನಾನು ಅಂಕಿಗಳನ್ನು ಏರಿಸುವುದು, ಗೆರೆ ಎಳೆಯುವುದು, ಉಪಗ್ರಹದ ಚಿತ್ರದಲ್ಲಿ ಆ ಗುಡ್ಡವನ್ನು ಹುಡುಕುವುದು.

ವಾರಾ ಅಂದರೆ ಅವರ ಹಳೆಯ ಅಳತೆ. ಗಜಕ್ಕಿಂತ ತುಸು ಹೆಚ್ಚು. "ನಮ್ಮ ಅಜ್ಜಿ ಒಂಬತ್ತು ವಾರದ ಸೀರೆ ಉಡುತ್ತಿದ್ದಳು. ಬೆಳಗಾವಿಯಲ್ಲಿ ಬಟ್ಟೆ ಅಳೆಯುವುದೂ ವಾರದಲ್ಲೇ" ಎಂದೆ. ಅಕ್ಕೋರು ಕನ್ನಡಿ ಕೆಳಗಿಟ್ಟರು. "ನಿಮ್ಮ ಊರಿಗೆ ಗೋವಾ ಎಷ್ಟು ದೂರ?" ಅಂದರು. ಮೂರು ತಾಸಿನ ದಾರಿ ಎಂದೆ. "ಹಾಗಾದರೆ ನಮ್ಮವರೇ ತಂದಿರಬೇಕು" ಅಂದರು. ಪೋರ್ಚುಗೀಸರನ್ನು ಅವರು ನಮ್ಮವರು ಎಂದದ್ದು ಅದೊಂದೇ ಸಲ.

ಮೊದಲ ಹಾಳೆಗಳು ತಾಳೆಯಾಗಲಿಲ್ಲ. ಪುಸ್ತಕದ ಪ್ರಕಾರ ಎಳೆದ ಗೆರೆ ಎರಡನೆಯ ದಿನವೇ ಒಂದು ಕೆರೆಯೊಳಗೆ ಇಳಿಯುತ್ತಿತ್ತು. ದಿಕ್ಸೂಚಿಯ ಮುಳ್ಳು ಆ ಕಾಲದಲ್ಲಿ ತೋರಿಸುತ್ತಿದ್ದ ಉತ್ತರ ಬೇರೆ, ಈಗಿನದು ಬೇರೆ. ಅದನ್ನು ಸರಿಪಡಿಸಿದ ಮೇಲೂ ಬೆಳಗಿನ ಅಳತೆಗೂ ಮಧ್ಯಾಹ್ನದ ಅಳತೆಗೂ ಹೊಂದಿಕೆಯಾಗಲಿಲ್ಲ. ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ನಮ್ಮ ತಾಲೂಕು ಮೋಜಣಿ ಕಚೇರಿಯಲ್ಲಿ, ಅಂದರೆ ಹೊಲಗದ್ದೆ ಅಳೆಯುವ ಕಚೇರಿಯಲ್ಲಿ, ನೌಕರಿ ಮಾಡಿ ನಿವೃತ್ತರಾದವರು.

"ಯಾತರ್ಲೆ ಅಳದಾರ? ಸರಪಳಿನೋ ಹಗ್ಗಾನೋ?" ಅಂದರು ಅಪ್ಪ.

ಅಕ್ಕೋರನ್ನು ಕೇಳಿ ಬಂದು, ಹಗ್ಗ ಅಂದೆ.

"ಹಂಗಾರ ಅದ ಮತ್ತ. ಇಬ್ಬನಿ ಬಿದ್ದ್ರ ಹಗ್ಗ ಗಿಡ್ಡ ಆಗತೈತಿ, ಬಿಸಲಿಗೆ ಒಣಗಿದ್ರ ಉದ್ದ ಆಗತೈತಿ. ಮುಂಜಾನಿ ಲೆಕ್ಕಾ ಬ್ಯಾರೆ ಹಾಕು, ಮಧ್ಯಾಹ್ನದ್ದು ಬ್ಯಾರೆ ಹಾಕು. ತಪ್ಪು ಅವರದಲ್ಲ, ಹಗ್ಗದ್ದು."

ಹಾಗೆ ಮಾಡಿದೆ. ಗೆರೆ ಕೆರೆಯಿಂದ ಮೇಲೆ ಬಂತು. ಚಪ್ಪಟೆ ಗುಡ್ಡ ಪುಸ್ತಕದಲ್ಲಿದ್ದ ಹಾಗೆಯೇ ಎಡಕ್ಕೆ ಬಂತು. ಅಕ್ಕೋರಿಗೆ ತೋರಿಸಿದಾಗ ಪರದೆಯ ಮೇಲಿನ ಗುಡ್ಡವನ್ನು ಬೆರಳಿನಿಂದ ಮುಟ್ಟಿ, "ಇದರ ಮೇಲೆ ನಾವು ಶಾಲೆಯ ಬಸ್ಸಿನಲ್ಲಿ ಪಿಕ್ನಿಕ್ ಹೋಗುತ್ತಿದ್ದೆವು" ಅಂದರು. ಆಮೇಲೆ ನಿಮ್ಮ ಅಪ್ಪನ ಹೆಸರನ್ನೂ ನಕ್ಷೆಯ ಮೂಲೆಯಲ್ಲಿ ಬರೆಯಬೇಕು ಎಂದರು. ಅಪ್ಪ ಬೇಡವೆಂದರು. ಸರ್ಕಾರಿ ನೌಕರ ಸಹಿ ಮಾಡಬಹುದಾದದ್ದು ತಾನು ನಡೆದು ಅಳೆದ ನೆಲಕ್ಕೆ ಮಾತ್ರವಂತೆ.

ವಾರದ ದಿನಗಳಲ್ಲಿ ನನ್ನದು ಅದೇ ಕೆಲಸ, ಬೇರೆ ನೆಲ. ಸ್ಕೋಫೀಲ್ಡ್ಸ್‌ನಿಂದ ರೌಸ್ ಹಿಲ್ ಕಡೆಗೆ ಕುದುರೆ ಮೇಯುತ್ತಿದ್ದ ಬಯಲುಗಳೆಲ್ಲ ಸೈಟುಗಳಾಗುತ್ತಿವೆ. ಹಳದಿ ಜಾಕೆಟ್ ತೊಟ್ಟು ಬೆಳಿಗ್ಗೆ ಏಳಕ್ಕೆ ಹೋಗಿ ಗೂಟ ಹೊಡೆಯುತ್ತೇನೆ. ಆ ಚಳಿಗಾಲದಲ್ಲಿ ಒಂದು ಕಡೆ ಕೆಲಸ ಒಂದು ವಾರ ನಿಂತಿತು. ಹಳ್ಳದ ಪಕ್ಕ ಹಳೆಯ ಕಲ್ಲಿನ ಚಕ್ಕೆಗಳು ಸಿಕ್ಕಿದ್ದವು. ಅಲ್ಲಿ ಸಾವಿರಾರು ವರ್ಷ ಇದ್ದ ಜನರು ಕಲ್ಲನ್ನು ಹೊಡೆದು ಅಲಗು ಮಾಡಿಕೊಂಡ ಚೂರುಗಳು. ಆ ಜನರ ಪೈಕಿ ಹಿರಿಯ ಹೆಂಗಸೊಬ್ಬರು ಬಂದು ಹಳ್ಳದುದ್ದಕ್ಕೂ ನಡೆದು ನೋಡಿದರು. ನಾನು ಹೊಡೆದಿದ್ದ ಎರಡು ಗೂಟಗಳ ಹತ್ತಿರ ನಿಂತು, ಇವನ್ನು ತೆಗೆಯಬಹುದೇ ಎಂದು ಕೇಳಿದರು. ತೆಗೆದೆ. ಆಫೀಸಿನಲ್ಲಿ ನಕ್ಷೆ ಬದಲಾಯಿಸಿದರು, ಎರಡು ಸೈಟು ಕಡಿಮೆಯಾದವು. ಇದನ್ನು ಅಕ್ಕೋರಿಗೆ ಹೇಳಿದಾಗ, "ಅವರು ಕೇಳಿದ ಕೂಡಲೇ ತೆಗೆದೆಯಾ?" ಎಂದು ಎರಡು ಸಲ ಕೇಳಿದರು. ಮೇಲಿನವರನ್ನು ಕೇಳಿಯೇ ತೆಗೆದದ್ದು, ಇಲ್ಲಿ ಅದಕ್ಕೊಂದು ಕಾನೂನಿದೆ ಎಂದೆ. ತಲೆಯಾಡಿಸಿ ಕೊಳವೆಗೆ ಬಾಯಿ ಹಚ್ಚಿದರು.

ಒಂಬತ್ತನೆಯ ಹಾಳೆ ಓದಿದ್ದು ಆಗಸ್ಟ್ ತಿಂಗಳಲ್ಲಿ. ಹೊರಗೆ ಗಾಳಿ ಜೋರಾಗಿತ್ತು, ಮಗಳು ಅದೇ ಮೇಜಿನ ತುದಿಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ಅಕ್ಕೋರು ಎಂದಿನಂತೆ ದಿಕ್ಕು, ಅಳತೆ ಹೇಳುತ್ತ ಹೋದರು. ನಾಲ್ಕು ಸಾಲಾದ ಮೇಲೆ ನಿಲ್ಲಿಸಿದರು. ಕನ್ನಡಿಯನ್ನು ಹಿಂದೆ ಮುಂದೆ ಸರಿಸಿದರು.

"ಮುಂದೆ ಅಂಕಿ ಇಲ್ಲ" ಅಂದರು.

"ಮತ್ತೇನಿದೆ?"

ಅವರು ನಿಧಾನವಾಗಿ ಓದಿ ಹೇಳಿದ್ದು ಇಷ್ಟು. ಒಂದು ಸಣ್ಣ ಪ್ರಾರ್ಥನಾ ಮಂದಿರದ ಹತ್ತಿರ ಕುದುರೆ ಏರಿದ ಗ್ವಾರಾನಿ ಜನರು ಎದುರಾದರು, ಸ್ಪೇನ್ ರಾಜನ ಆಳ್ವಿಕೆಯಲ್ಲಿ ಕ್ರೈಸ್ತರಾಗಿದ್ದ ಅಲ್ಲಿಯ ಮೂಲನಿವಾಸಿಗಳು. ಇದು ತಮ್ಮ ನೆಲ, ತಮ್ಮ ದನ ಮೇಯುವ ಜಾಗ ಎಂದರು. ಸ್ಪೇನಿನವರು ಬೇಕಾದರೆ ಮುಂದೆ ಹೋಗಲಿ, ಪೋರ್ಚುಗೀಸರನ್ನು ಬಿಡುವುದಿಲ್ಲ ಎಂದರು. ಅಧಿಕಾರಿಗಳು ನಾಲ್ಕು ದಿನ ಅಲ್ಲೇ ಡೇರೆ ಹಾಕಿ ಮಾತಾಡಿದರು. ಸ್ಪೇನ್ ರಾಜನ ಪತ್ರ ತೋರಿಸಿದರು. ಎದುರಿಗಿದ್ದವರು ಪತ್ರವನ್ನು ಓದಿ, ನಮ್ಮ ರಾಜ ನಮಗೆ ಇಂಥದ್ದನ್ನು ಬರೆಯಲಾರ, ಇದು ಅವನದಲ್ಲ ಎಂದು ಹಿಂದಕ್ಕೆ ಕೊಟ್ಟರು. ಐದನೆಯ ದಿನ ಅಳತೆಯ ಹಗ್ಗವನ್ನು ಸುತ್ತಿ ಪೆಟ್ಟಿಗೆಗೆ ಹಾಕಲಾಯಿತು. ಉಳಿದ ಎರಡು ಹಾಳೆಗಳಲ್ಲಿ ಇದ್ದದ್ದು ಹಿಂದಿರುಗಿದ ದಾರಿಯಲ್ಲಿ ಸತ್ತ ಕುದುರೆಗಳ ಪಟ್ಟಿ, ಮುಗಿದುಹೋದ ಬಿಸ್ಕತ್ತಿನ ವಿಚಾರ.

ನಾನು ಅದುವರೆಗಿನ ಗೆರೆಯನ್ನು ನೋಡಿದೆ. ಅದು ನಿಂತ ಜಾಗದಿಂದ ಅಕ್ಕೋರ ಊರಿಗೆ ಕುದುರೆಯ ಮೇಲೆ ಇನ್ನೂ ಎರಡು ದಿನದ ದಾರಿಯಿತ್ತು.

"ಆಮೇಲೆ ಬೇರೆ ಯಾರಾದರೂ ಬಂದು ಅಳೆದಿರಬಹುದು" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಆಮೇಲೆ ಬಂದದ್ದು ಸೈನ್ಯ" ಅಂದರು ಅಕ್ಕೋರು. "ಅದನ್ನು ನಾನು ಕಾಲೇಜಿನಲ್ಲಿ ಓದಿದ್ದೇನೆ. ನದಿಯ ಈಚೆಗಿದ್ದ ಏಳು ಊರಿನ ಗ್ವಾರಾನಿ ಜನ ಮನೆ, ಚರ್ಚು, ಹೊಲ ಎಲ್ಲ ಬಿಟ್ಟು ಆಚೆ ದಾಟಬೇಕು ಎಂದು ಒಪ್ಪಂದದಲ್ಲಿ ಬರೆದಿತ್ತು. ಅವರು ದಾಟಲಿಲ್ಲ. ಇಬ್ಬರು ರಾಜರ ಸೈನ್ಯವೂ ಕೂಡಿ ಬಂದು ಅವರನ್ನು ಕೊಂದಿತು. ಒಪ್ಪಂದವಾಗಿ ಹನ್ನೊಂದು ವರ್ಷಕ್ಕೆ ರಾಜರೇ ಅದನ್ನು ರದ್ದು ಮಾಡಿದರು. ಇದೆಲ್ಲ ಪುಸ್ತಕದಲ್ಲಿದೆ. ಆದರೆ ಅದು ಎಲ್ಲೋ ದೂರದಲ್ಲಿ ನಡೆದದ್ದು ಅಂದುಕೊಂಡಿದ್ದೆ. ನಮ್ಮ ಊರಿನ ನೆಲ ಖಾಲಿ ಇತ್ತು ಎಂದು ಮಕ್ಕಳಿಗೆ ಹೇಳುತ್ತಿದ್ದೆ."

ಮಗಳು ಪೆನ್ಸಿಲ್ ಕೆಳಗಿಟ್ಟು, "ಸೋ ದೇ ಜಸ್ಟ್ ವೆಂಟ್ ಬ್ಯಾಕ್?" ಎಂದಳು.

"ಅಳೆಯುವವರು ಹಿಂದೆ ಹೋದರು, ಮಗಳೇ" ಅಂದರು ಅಕ್ಕೋರು. ಫೋಲ್ಡರ್ ಮುಚ್ಚಿಕೊಂಡು ಎದ್ದರು. ಫ್ಲಾಸ್ಕು ನಮ್ಮ ಮೇಜಿನ ಮೇಲೆಯೇ ಉಳಿಯಿತು.

ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. "ನಿನಗಾದರೂ ವೀಕೆಂಡ್ ಸಿಕ್ಕಿತಲ್ಲ. ರೆಸ್ಟ್ ಮಾಡು" ಎಂದರು ಗಂಡ. ಅವರು ಮೈಸೂರಿನವರು, ಯಾವುದನ್ನೂ ಹೆಚ್ಚು ಹಚ್ಚಿಕೊಳ್ಳುವವರಲ್ಲ. ನನಗೆ ಸಮಾಧಾನವಿರಲಿಲ್ಲ. ನಾನೇ ಲೆಕ್ಕ ತಪ್ಪಿರಬಹುದೇ ಎಂದು ಮತ್ತೆ ಅಪ್ಪನಿಗೆ ಫೋನ್ ಮಾಡಿದೆ. ಮುಂದಿನ ಹಾಳೆಗಳು ಕಳೆದುಹೋಗಿರಬಹುದಲ್ಲ ಎಂದೆ.

"ಹೊಳ್ಳಿ ಹೋದದ್ದನ್ನ ಬರದಾರಂದ್ರ ಮತ್ತೇನು ಬೇಕವಾ?" ಅಂದರು ಅಪ್ಪ. "ಪುಸ್ತಕದಾಗ ಇಲ್ಲ ಅಂದ್ರ ಅಳದಿಲ್ಲ ಅಂತನ ತಿಳಕೋಬೇಕು. ನಾನೂ ಒಂದ್ ಸಲ ಹೊಳ್ಳಿ ಬಂದೇನಿ. ಗಡಿ ಊರಾಗ ಮಂದಿ ಬಂದು ಸುತ್ತ ನಿಂತ್ರು. ಯಾರ ಕಡೆಯಿಂದ ಅಳ್ಯಾಕ ಬಂದೀರಿ ಅಂತ ಕೇಳಿದ್ರು. ನಾ ಏನ್ ಹೇಳ್ಲಿ? ಚಹಾ ಕುಡಿಸಿ ಕಳಿಸಿದ್ರು. ಪುಸ್ತಕದಾಗ 'ಗ್ರಾಮಸ್ಥರ ಅಡ್ಡಿ' ಅಂತ ಬರದೆ. ಅವರ ಹೆಸರು ಬರೀಲಿಲ್ಲ. ಬರದಿದ್ರ ಅವರಿಗೇ ತ್ರಾಸ ಆಗತಿತ್ತು."

ಈ ವಿಷಯವನ್ನು ಅಪ್ಪ ಅದುವರೆಗೆ ನನಗೆ ಹೇಳಿರಲಿಲ್ಲ.

ಮೂರನೆಯ ಶನಿವಾರ ಫ್ಲಾಸ್ಕು ಹಿಡಿದುಕೊಂಡು ನಾನೇ ಹೋದೆ. ಅಕ್ಕೋರು ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದರು. ಬೇಸರ ಮಾಡಿಕೊಂಡ ಮುಖವಲ್ಲ, ಏನನ್ನೋ ಲೆಕ್ಕ ಹಾಕುತ್ತಿರುವವರ ಮುಖ. ಕೂರಲು ಹೇಳಿ, ಯಾವ ಪೀಠಿಕೆಯೂ ಇಲ್ಲದೆ ಅಜ್ಜಿಯ ವಿಷಯ ಶುರು ಮಾಡಿದರು.

ಅಜ್ಜಿ ಮಾತು ಕಡಿಮೆಯಂತೆ. ಅಡಿಗೆಮನೆಯಲ್ಲಿ ಒಬ್ಬಳೇ ಇದ್ದಾಗ ಬೇರೆ ಭಾಷೆಯಲ್ಲಿ ಗುಣುಗುತ್ತಿದ್ದಳು. ಅದು ಗ್ವಾರಾನಿ. ಅಜ್ಜ ಒಳಗೆ ಬಂದರೆ ನಿಲ್ಲಿಸುತ್ತಿದ್ದಳು. ಅದು ಕೂಲಿಯಾಳುಗಳ ಭಾಷೆ, ಮಕ್ಕಳ ಕಿವಿಗೆ ಬೀಳಬಾರದು ಎಂದು ಅಜ್ಜನ ಕಟ್ಟಪ್ಪಣೆ. ಅಜ್ಜಿ ಎಲ್ಲಿಂದ ಬಂದವಳೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ನದಿಯಾಚೆಯವಳು ಎಂದಷ್ಟೇ ಹೇಳುತ್ತಿದ್ದರು.

"ಬಾಗಿಲ ಮುಂದಿನ ಕಲ್ಲಿನ ಮೇಲೆ ಅವಳು ಕಾಲಿಡುತ್ತಿರಲಿಲ್ಲ" ಅಂದರು ಅಕ್ಕೋರು. "ಕೈಯಲ್ಲಿ ಕೊಡ ಇರಲಿ, ಕಟ್ಟಿಗೆ ಇರಲಿ, ದಾಟಿಯೇ ಬರುತ್ತಿದ್ದಳು. ನಾನು ಕಲ್ಲಿನ ಮೇಲೆ ನಿಂತರೆ ಕಿವಿ ಹಿಂಡುತ್ತಿದ್ದಳು. ರಾಜನ ಕಲ್ಲಿಗೆ ಗೌರವ ಕೊಡುತ್ತಾಳೆ ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ. ನಾನೂ ಹಾಗೇ ತಿಳಿದಿದ್ದೆ."

"ನಮ್ಮಲ್ಲೂ ಹೊಸ್ತಿಲು ತುಳಿಯುವುದಿಲ್ಲ" ಎಂದೆ.

"ನಮ್ಮಲ್ಲಿ ಅಂಥ ಪದ್ಧತಿ ಇಲ್ಲ. ಊರಿನಲ್ಲಿ ಅವಳೊಬ್ಬಳೇ. ನನಗೆ ಏಳೆಂಟು ವರ್ಷವಿದ್ದಾಗ ಒಮ್ಮೆ ಯಾಕೆ ಎಂದು ಕೇಳಿದೆ. ಇದು ಚರ್ಚಿನ ಕಲ್ಲು ಅಂದಳು. ಯಾವ ಚರ್ಚು? ನಮ್ಮ ಊರಿನ ಚರ್ಚು ಇಟ್ಟಿಗೆಯದು. ಮುದುಕಿಗೆ ಗೊತ್ತಿಲ್ಲ ಎಂದುಕೊಂಡು ಆಡಲು ಓಡಿದೆ." ಅವರು ಕೈಯಲ್ಲಿದ್ದ ದಿಂಬಿನ ಚೀಲವನ್ನು ಮತ್ತೆ ಬಿಚ್ಚಿ ಮಡಚಿದರು. "ಏಳು ಊರುಗಳ ಕಲ್ಲಿನ ಚರ್ಚುಗಳು ಪಾಳುಬಿದ್ದ ಮೇಲೆ ಜನ ಗಾಡಿಯಲ್ಲಿ ಕಲ್ಲು ಹೇರಿಕೊಂಡು ಹೋಗಿ ಮನೆ ಕಟ್ಟಿಕೊಂಡರು. ಅದೂ ನನಗೆ ಗೊತ್ತಿತ್ತು. ಎರಡನ್ನೂ ಕೂಡಿಸಲಿಲ್ಲ. ರಾಜನ ಕಲ್ಲು ನಮ್ಮ ಕಡೆಗೆ ಬಂದೇ ಇಲ್ಲ ಅಂದಮೇಲೆ ಈಗ ಕೂಡಿಸುತ್ತಿದ್ದೇನೆ."

ನಾನು ಉಳಿದ ಬಟ್ಟೆ ಮಡಚಲು ಕೈಹಾಕಿದೆ. ಮಡಚುತ್ತಲೇ, ನಕ್ಷೆ ನಿಲ್ಲಿಸೋಣವೇ ಎಂದು ಕೇಳಿದೆ.

"ಯಾಕೆ ನಿಲ್ಲಿಸಬೇಕು? ಗೆರೆ ಎಲ್ಲಿ ನಿಂತಿತೋ ಅಲ್ಲಿಯವರೆಗೆ ಎಳೆ" ಅಂದರು.

ಅಕ್ಟೋಬರ್‌ನಲ್ಲಿ ಅಕ್ಕೋರು ಮೆಲ್ಬರ್ನ್‌ಗೆ ಹೋದರು. ಮಗನ ಮನೆ ವಿಂಡಮ್ ವೇಲ್‌ನಲ್ಲಿ. ಸೊಸೆಗೆ ಹೆರಿಗೆಯ ದಿನಗಳು. ಹೋಗುವಾಗ ಹನ್ನೊಂದು ಹಾಳೆಗಳನ್ನೂ ನನ್ನ ಹತ್ತಿರವೇ ಬಿಟ್ಟರು. ನಾನು ಬಿಡುವಾದಾಗಲೆಲ್ಲ ನಕ್ಷೆಯ ಮೇಲೆ ಕೂತೆ. ಹಳ್ಳಗಳು, ಗುಡ್ಡಗಳು, ಡೇರೆ ಹಾಕಿದ ಒಂದೊಂದು ಜಾಗ. ನದಿ ಆಗ ಎಲ್ಲಿ ಹರಿಯುತ್ತಿತ್ತೆಂದು ಗೊತ್ತಿಲ್ಲದ ಕಡೆ ತೆಳುವಾದ ಬಣ್ಣ. ಕೆಂಪು ಗೆರೆ ಮಂದಿರದ ಹತ್ತಿರ ನಿಂತಿತು. ಅಲ್ಲಿಂದ ಅಕ್ಕೋರ ಊರಿನವರೆಗೆ ಬರಿಯ ಹುಲ್ಲುಗಾವಲಿನ ಬಣ್ಣ ತುಂಬಿದ್ದೆ. ನೋಡುತ್ತ ಕೂತಾಗ ನಾನೂ ಅದೇ ತಪ್ಪು ಮಾಡಿದ್ದೇನೆ ಅನ್ನಿಸಿತು. ಪುಸ್ತಕದ ಹಾಳೆಗಳನ್ನು ಮತ್ತೆ ಹರಡಿಕೊಂಡೆ. ಅಕ್ಕೋರು ಓದಿ ಹೇಳಿದಾಗ ನಾನು ಬರೆದುಕೊಂಡು, ಅಂಕಿಯಲ್ಲವೆಂದು ಪಕ್ಕಕ್ಕಿಟ್ಟಿದ್ದ ಟಿಪ್ಪಣಿಗಳಿದ್ದವು: ಅಳೆಯುವವರು ದಾರಿಯಲ್ಲಿ ಕಂಡದ್ದು, ಮುಂದೆ ಎಷ್ಟು ದೂರಕ್ಕೆ ಏನಿದೆ ಎಂದು ಕೇಳಿ ತಿಳಿದದ್ದು. ಇಲ್ಲಿ ದನದ ದೊಡ್ಡಿ, ಇಲ್ಲಿ ಹತ್ತಿಯ ಹೊಲ, ಇಲ್ಲಿ ಮಾತೆಯ ಎಲೆಗೆ ನೆಟ್ಟ ಗಿಡಗಳ ಸಾಲು. ಒಂದೊಂದನ್ನೂ ಅದರದರ ಜಾಗದಲ್ಲಿ ಗುರುತಿಸಿದೆ. ಇಪ್ಪತ್ತಮೂರು ಗುರುತುಗಳಾದವು. ಖಾಲಿ ಎಂದು ಯಾರೂ ಹೇಳುವ ಹಾಗಿರಲಿಲ್ಲ.

ರೌಸ್ ಹಿಲ್‌ನ ಪ್ರಿಂಟ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿಸಿದೆವು. ಕ್ರಿಸ್‌ಮಸ್ ರಜೆಗೆ ಹೇಗೂ ಮೆಲ್ಬರ್ನ್‌ಗೆ ಹೋಗುವುದಿತ್ತು. ಗಂಡನ ಚಿಕ್ಕಪ್ಪನ ಮಗ ಅಲ್ಲಿದ್ದಾರೆ. ಕಾರಿನಲ್ಲೇ ಹೋದೆವು. ಸುರುಳಿ ಸುತ್ತಿದ ನಕ್ಷೆಯನ್ನು ಮಗಳು ಹನ್ನೊಂದು ತಾಸೂ ಮಂಡಿಗಳ ನಡುವೆ ಹಿಡಿದುಕೊಂಡು ಕೂತಳು.

ವಿಂಡಮ್ ವೇಲ್‌ನ ಆ ಬಡಾವಣೆ ನಮ್ಮದರ ಅಣ್ಣತಮ್ಮನ ಹಾಗಿತ್ತು. ಅದೇ ಬೂದು ಛಾವಣಿಗಳು, ಅದೇ ಎಳೆಯ ಮರಗಳು, ಪ್ರತಿ ಮರಕ್ಕೂ ಎರಡು ಊರುಗೋಲು. ಅಕ್ಕೋರು ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ತೆಗೆದರು. ಮಗುವನ್ನು ಸೊಸೆಗೆ ಕೊಟ್ಟು, ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟರು. ಬಹಳ ಹೊತ್ತು ನೋಡಿದರು. ಗೆರೆ ನಿಂತ ಜಾಗದಲ್ಲಿ ಏನು ಬರೆಯಬೇಕೆಂದು ಮೂರು ದಿನ ಯೋಚಿಸಿದರು. ನಾವು ಅಲ್ಲಿರುವಾಗಲೇ ಕೈಯಿಂದ ಬರೆದರು. ಅದರ ಅರ್ಥ: 'ಇಲ್ಲಿ ವಾಸವಾಗಿದ್ದವರು ಅಳೆಯಲು ಬಂದವರನ್ನು ತಡೆದು ನಿಲ್ಲಿಸಿದರು.' ಮೂರನೆಯ ತರಗತಿಯ ಮಗುವಿಗೆ ಓದಲು ಬರಬೇಕು, ಅದಕ್ಕೇ ಇಷ್ಟೇ ಎಂದರು.

ಶಾಲೆಯ ಮುಖ್ಯಸ್ಥೆ ಅವರ ಹಳೆಯ ವಿದ್ಯಾರ್ಥಿನಿ. ಮರುದಿನ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಬಂದಳು. ಅಲ್ಲಿ ಹಿಂದಿನ ದಿನದ ಸಂಜೆ. ಅಕ್ಕೋರ ಮಗ ನನ್ನ ಪಕ್ಕ ನಿಂತು ಮೆಲ್ಲಗೆ ಅರ್ಥ ಹೇಳುತ್ತಿದ್ದ.

"ಟೀಚರ್, ನೆಲ ಖಾಲಿ ಇತ್ತು, ಕಲ್ಲು ನೆಟ್ಟರು ಎಂದು ನೀವೇ ನಮಗೆ ಕಲಿಸಿದಿರಿ" ಅಂದಳಂತೆ ಆಕೆ.

"ಹೌದು. ಅದಕ್ಕೇ ನಾನೇ ತಿದ್ದುತ್ತಿದ್ದೇನೆ."

"ಊರಿನ ಜನ ಕೇಳಿದರೆ ಏನು ಹೇಳಲಿ?"

"ನನಗೆ ಫೋನ್ ಮಾಡಲು ಹೇಳು."

ಆಕೆ ಒಂದು ವಾರ ಸಮಯ ಕೇಳಿದಳು. ಅದೇ ದಿನ ಅಕ್ಕೋರು ಹಳೆಯ ಮನೆಯಲ್ಲಿರುವ ತಂಗಿಯ ಮಗನಿಗೂ ಫೋನ್ ಮಾಡಿ, ಬಾಗಿಲ ಮುಂದಿನ ಕಲ್ಲನ್ನು ಎಬ್ಬಿಸಿ ಅಡಿಭಾಗ ನೋಡಲು ಹೇಳಿದರು. ಅವನು ಮಾರನೆಯ ದಿನ ಹಾರೆ ಹಾಕಿ ಎಬ್ಬಿಸಿ ಫೋಟೋ ಕಳಿಸಿದ. ಅಡಿಯಲ್ಲಿ ಹಳೆಯ ಸುಣ್ಣದ ಗಾರೆ ಬಿಟ್ಟರೆ ಏನೂ ಇರಲಿಲ್ಲ. ಮೇಲಿನ ಕೆತ್ತನೆಯನ್ನು ನಾವೆಲ್ಲ ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆವು. ಸವೆದುಹೋದದ್ದು. ಕಿರೀಟ ಎಂದುಕೊಂಡರೆ ಕಿರೀಟ. ನನಗೆ ಹೂವಿನ ಎಸಳುಗಳಂತೆ ಕಂಡಿತು. ಮಗಳು ಅದು ಕೈಬೆರಳು ಎಂದಳು. ಯಾ‌ವುದನ್ನೂ ಖಚಿತವಾಗಿ ಹೇಳುವ ಹಾಗಿರಲಿಲ್ಲ.

"ಮತ್ತೆ ಅಲ್ಲೇ ಕೂರಿಸಲೇ ಎಂದು ಕೇಳುತ್ತಿದ್ದಾನೆ" ಅಂದ ಅಕ್ಕೋರ ಮಗ.

"ಬೇಡ. ಬಾಗಿಲಿಗೆ ಸಿಮೆಂಟಿನ ಮೆಟ್ಟಿಲು ಮಾಡಿಸಲಿ. ಇದನ್ನು ಗೋಡೆಯ ಪಕ್ಕ ನಿಲ್ಲಿಸಲಿ. ಯಾರ ಕಾಲಿಗೂ ಸಿಗಬಾರದು."

"ಖಾತ್ರಿ ಇಲ್ಲವಲ್ಲ, ಅಮ್ಮಾ."

"ಅಜ್ಜಿಗೆ ಖಾತ್ರಿ ಇತ್ತು" ಅಂದರು ಅಕ್ಕೋರು.

ಮುಖ್ಯಸ್ಥೆ ಒಪ್ಪಿದಳು, ಅಕ್ಕೋರು ನಕ್ಷೆಯನ್ನು ಅಂಚೆಯಲ್ಲಿ ಕಳಿಸಿದರು. ನಾವು ಸಿಡ್ನಿಗೆ ಮರಳಿ ಒಂದು ತಿಂಗಳಾದ ಮೇಲೆ ಒಂದು ಫೋಟೋ ಬಂತು. ನಕ್ಷೆ ಶಾಲೆಯ ಆ ಕೋಣೆಯ ಗೋಡೆಯ ಮೇಲಿದೆ. ಊರಿನ ಮುದ್ರೆ ಬದಲಾಗಿಲ್ಲ, ಬದಲಾಗುವ ಸೂಚನೆಯೂ ಇಲ್ಲ. ಅಕ್ಕೋರಿಗೆ ಎರಡು ಫೋನ್ ಬಂದವಂತೆ, ಊರಿನ ಮರ್ಯಾದೆ ಕಳೆದಿರಿ ಎಂದು. ಇನ್ನೊಂದು ಫೋನ್ ಮಾಡಿದ್ದು ಅವರ ಹಳೆಯ ಸಹೋದ್ಯೋಗಿ. ತನ್ನ ಮನೆಯ ಅಡಿಪಾಯದಲ್ಲೂ ಅಂಥ ಕಲ್ಲುಗಳಿವೆ, ಬಂದು ನೋಡಬಹುದು ಎಂದರಂತೆ. ಮೂರನ್ನೂ ಅಕ್ಕೋರು ಒಂದೇ ದನಿಯಲ್ಲಿ ನನಗೆ ಹೇಳಿದರು.

ಅಪ್ಪನಿಗೂ ಫೋಟೋ ಕಳಿಸಿದೆ. "ಗೆರಿ ಸ್ವಚ್ಛ ಐತಿ" ಎಂದು ಉತ್ತರ ಬಂತು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಈಗ ಅಕ್ಕೋರಿಗೆ ಎಪ್ಪತ್ತೆಂಟು. ವಿಂಡಮ್ ವೇಲ್‌ನಲ್ಲೇ ಇದ್ದಾರೆ. ಮೊಮ್ಮಗು ಮಲಗಿರುವ ಹೊತ್ತಿನಲ್ಲಿ ವಾರಕ್ಕೆರಡು ದಿನ ಕಂಪ್ಯೂಟರ್ ಮುಂದೆ ಕೂತು ಗ್ವಾರಾನಿ ಕಲಿಯುತ್ತಿದ್ದಾರೆ. ಕಲಿಸುವವರು ಪರಾಗ್ವೆಯ ನಡುವಯಸ್ಸಿನ ಹೆಂಗಸು, ಅವರೂ ಶಾಲೆಯ ಅಕ್ಕೋರೇ. ಕಳೆದ ಭಾನುವಾರ ಫೋನ್ ಮಾಡಿದಾಗ ಪಾಠ ಹೇಗೆ ನಡೆದಿದೆ ಎಂದು ಕೇಳಿದೆ.

"ನೀರು, ಬೆಂಕಿ, ಬಾ, ಕೂತುಕೋ, ಇಷ್ಟೆಲ್ಲ ಆಯಿತು. ಆದರೆ ಅವಳಿಗೆ ಕಲಿಸಲು ಬರುವುದಿಲ್ಲ" ಅಂದರು.

"ಯಾಕೆ?"

"ನಾನು ತಪ್ಪು ಹೇಳಿದರೂ ಚೆನ್ನಾಗಿದೆ ಅನ್ನುತ್ತಾಳೆ. ವಯಸ್ಸಾದವಳೆಂದು ಕರುಣೆ. ಹೀಗಾದರೆ ನಾನು ಕಲಿಯುವುದು ಯಾವಾಗ? ಮುಂದಿನ ಪಾಠದಲ್ಲಿ ಹೇಳಿಬಿಡುತ್ತೇನೆ, ತಪ್ಪಿಗೊಂದು ಕೆಂಪು ಗೆರೆ ಎಳೆ ಎಂದು."